ಮಿಷನ್ನಿಗೆ ಆರಿಸಿಕೊಟ್ಟ ಕಾಳು

ಯಾರಾದರೂ ನನ್ನನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರೆ ಇವತ್ತಿಗೂ ಮೊದಲು ಬರುವುದು ಭಯ, ಆಮೇಲೆ ಉತ್ತರ. ಮೊಮ್ಮಕ್ಕಳೇ, ನಿಮ್ಮ ಎದುರಿಗೆ ಕೂತು ಇದನ್ನೆಲ್ಲ ಹೇಳೋಣವೆಂದು ಎಷ್ಟೋ ಸಲ ಅಂದುಕೊಂಡೆ. ಶುರು ಮಾಡಿದರೆ ನೀವು ಟಿ.ವಿ. ಸದ್ದು ಕಡಿಮೆ ಮಾಡಿ ನನ್ನ ಮುಖವನ್ನೇ ನೋಡುತ್ತೀರಿ, ನನಗೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದ ಕಡೆ ನಿಮ್ಮ ಅಮ್ಮ ತಿದ್ದಲಿ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಇನ್ನೂ ಲಂಗ ಹಾಕಿಕೊಂಡು ಓಡಾಡುವ ಹುಡುಗಿ. ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ ಭಾವನ, ಅಂದರೆ ನಿಮ್ಮ ತಾತನ ಅಣ್ಣನ ಮನೆಯಲ್ಲೇ ಕೆಲವು ವರ್ಷ ಇದ್ದೆವು. ಭಾವ ಕೆಟ್ಟವರಲ್ಲ. ಬಯ್ಯುತ್ತಿರಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವ ಹಸು ಮಾರಬೇಕು ಅನ್ನುವುದನ್ನು ಅವರು ಹೇಗೆ ತೀರ್ಮಾನ ಮಾಡುತ್ತಿದ್ದರೋ ಹಾಗೆಯೇ ನಮ್ಮಿಬ್ಬರದನ್ನೂ ಮಾಡುತ್ತಿದ್ದರು. ನಿಮ್ಮ ಅಮ್ಮ ಏಳನೇ ತರಗತಿ ಪಾಸಾದ ದಿನ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಇನ್ ಸಾಕು ಕಣವ್ವ ಓದು. ನನ್ ಎಂಡ್ತಿ ತಮ್ಮ ಅವ್ನೆ, ಮನೇಲೇ ಮುಗ್ಸುಬುಡಾವ" ಅಂದರು. ನಾನು ತಲೆ ಬಗ್ಗಿಸಿಕೊಂಡು ನಿಂತಿದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಳೆಗಾಲಕ್ಕೆ ಮುಂಚೆ, ತವರಿಗೆ ಹೋಗುತ್ತೇನೆಂದು ಹೇಳಿ ಮಗಳ ಜೊತೆ ಹೊರಟವಳು ಹುಣಸೂರಿನಲ್ಲಿ ಇಳಿದು ಒಂದು ಕೋಣೆ ಹಿಡಿದೆ. ಕಾಫಿ ಹದ ಮಾಡುವ ಕಾರ್ಖಾನೆಯಲ್ಲಿ ಕಾಳು ಆರಿಸುವ ಕೆಲಸ ಸಿಕ್ಕಿತು. ಭಾವ ಆಮೇಲೆ ಜಗಳವೇನೂ ಮಾಡಲಿಲ್ಲ. ಸಂತೆಗೆ ಬಂದಾಗಲೆಲ್ಲ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಕೆಲ್ಸ ಓದ್ ದಿನ ಬಂದ್ಬುಡವ್ವ. ಗಂಡು ಎಲ್ಲೂ ಓಗಿಲ್ಲ." ಅದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆ ನಗುವಿಗೇ ನಾನು ಹೆದರುತ್ತಿದ್ದದ್ದು.

ಕಾಳು ಆರಿಸುವ ಹಾಲ್ ಅಂದರೆ ಶೀಟು ಹೊದಿಸಿದ ಉದ್ದನೆಯ ಕೊಟ್ಟಿಗೆ. ಎರಡು ಸಾಲಿನಲ್ಲಿ ನಾವು ಹೆಂಗಸರು ಮಂಡಿ ಮಡಿಸಿ ಕೂರುತ್ತಿದ್ದೆವು. ಕೊಡಗಿನ ತೋಟಗಳಿಂದ ಬಂದ ಕಾಫಿ ಸಿಪ್ಪೆ ಕಳೆದುಕೊಂಡು, ಗಾತ್ರ ನೋಡಿ ಬೇರೆಯಾಗಿ ನಮ್ಮ ಮುಂದಿನ ಮೊರಕ್ಕೆ ಬರುತ್ತಿತ್ತು. ಕರಿಕಾಳು, ಹುಳುಕು, ಒಡಕು, ಬಿಳಚಿಕೊಂಡದ್ದು ಇವನ್ನು ತೆಗೆದು ಮಿಕ್ಕಿದ್ದನ್ನು ಮುಂದಕ್ಕೆ ಬಿಡಬೇಕು. ಒಂದು ಕರಿಕಾಳು ಮೂಟೆಯೊಳಗೆ ಹೋದರೆ ಕುಡಿಯುವವನ ಬಾಯಿ ಕೆಡುತ್ತದೆ ಅನ್ನುತ್ತಿದ್ದರು. ಕುಡಿಯುವವನು ಎಲ್ಲೋ ಸಮುದ್ರದಾಚೆ. ಆದರೂ ನಮಗೆ ಅವನ ಬಾಯಿಯ ಹೆದರಿಕೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಕಂಪಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹೆಂಗಸು. ನನಗಿಂತ ಬಹಳ ದೊಡ್ಡವಳು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಬೀಸುವ ಕಲ್ಲಿನ ಹಾಗೆ ಬಾಯಿ ಆಡುತ್ತಿದ್ದರೂ ಅವಳ ಬೆರಳು ತಪ್ಪುತ್ತಿರಲಿಲ್ಲ. ಅವಳ ಮೊರದಿಂದ ಕರಿಕಾಳು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಿಮ್ಮ ಅಮ್ಮ ಪಿ.ಯು.ಸಿ. ಓದುತ್ತಿದ್ದಳು. ಆ ಕಾಲದಲ್ಲಿ ಲಾರಿಯ ಮೇಲೆ ಮರದ ಪೆಟ್ಟಿಗೆಯಲ್ಲಿ ಕಾಳು ಆರಿಸುವ ಮಿಷನ್ ಬಂತು. ಹಾಲಿನ ತುದಿಯಲ್ಲಿ ಗಾಜಿನ ಕೋಣೆ ಕಟ್ಟಿ ಅದರೊಳಗೆ ನಿಲ್ಲಿಸಿದರು. ಎತ್ತರಕ್ಕೆ ಇತ್ತು. ಮೇಲಿನಿಂದ ಕಾಳು ಜಾರುಗಾಲುವೆಯಲ್ಲಿ ಇಳಿದು ಬರುತ್ತದೆ, ನಡುವೆ ಎರಡು ಕ್ಯಾಮೆರಾ, ಬೆಳ್ಳನೆಯ ಬೆಳಕು. ಕೆಟ್ಟ ಕಾಳು ಕಂಡರೆ ಸಣ್ಣ ತೂತಿನಿಂದ ಗಾಳಿ ಊದಿ ಅದನ್ನು ಆಚೆಗೆ ಹಾರಿಸುತ್ತದೆ. ನಾವು ಊಟದ ಹೊತ್ತಿನಲ್ಲಿ ಗಾಜಿಗೆ ಮುಖ ಒತ್ತಿ ನೋಡಿದೆವು.

"ಕಣ್ ಅವೆ, ರೆಪ್ಪೇನೇ ಇಲ್ವಲ್ಲಮ್ಮಿ. ಎಂಗ್ ನಿದ್ದೆ ಮಾಡ್ತದೆ ಇದು?" ಅಂದಳು ಅಕ್ಕ.

"ಅದ್ಕ್ಯಾಕೆ ನಿದ್ದೆ? ನಮ್ ನಿದ್ದೆ ತಕ್ಕೊಂಡದಲ್ಲ" ಅಂದಳು ಇನ್ನೊಬ್ಬಳು.

"ಬುಡು, ಎಲೆ ಅಡಿಕೆ ಕೇಳಲ್ಲ, ಬಸ್ ತಪ್ಪೋಯ್ತು ಅನ್ನಲ್ಲ, ಮಕ್ಳಿಗೆ ಜರ ಅಂತ ರಜ ಕೇಳಲ್ಲ. ಸಾವ್ಕಾರ್ರಿಗೆ ಇಂಥ ಸೊಸೆ ಸಿಕ್ಕಿದ್ದೇ ಪುಣ್ಯ" ಅಂದಳು ಅಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ಬೆಳಿಗ್ಗೆಯೇ ಮ್ಯಾನೇಜರು ಹಾಲಿನಲ್ಲಿ ನಿಂತು ಹೇಳಿದ್ದರು, ಟ್ರಯಲ್ ಸರಿಹೋದರೆ ಇಷ್ಟು ಜನ ಬೇಕಾಗುವುದಿಲ್ಲ, ಸರಿಹೋಗದಿದ್ದರೆ ಕಂಪನಿಯವರು ಮಿಷನ್ ವಾಪಸ್ ಒಯ್ಯುತ್ತಾರೆ ಎಂದು. ನನಗೆ ಆ ಮಿಷನ್ನಿನ ಹಿಂದೆ ಭಾವ ನಿಂತು ನಗುತ್ತಿರುವ ಹಾಗೆ ಕಾಣುತ್ತಿತ್ತು.

ಮಿಷನ್ ಜೊತೆ ಒಬ್ಬ ಇಂಜಿನಿಯರ್ ಬಂದಿದ್ದ. ಮದುವೆಯಾಗಿ ಮಕ್ಕಳಿದ್ದ ವಯಸ್ಸಿನವನು. ಕಾಫಿ ಹೊಟ್ಟಿನ ಧೂಳಿಗೆ ಅವನಿಗೆ ಸೀನು ನಿಲ್ಲುತ್ತಿರಲಿಲ್ಲ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದ. ಮಿಷನ್ನಿಗೆ ಕಲಿಸಬೇಕು, ಅದಕ್ಕೆ ಒಂದು ತಟ್ಟೆ ಒಳ್ಳೆಯ ಕಾಳು ಬೇಕು ಅಂದ. ಮ್ಯಾನೇಜರು ಹಾಲಿನ ಮೇಲೆ ಕಣ್ಣು ಹಾಯಿಸಿ ನನ್ನ ಹೆಸರು ಕೂಗಿದರು. ಮಾತಾಡದವಳು, ತಕರಾರು ತೆಗೆಯದವಳು ಎಂದು ನನ್ನನ್ನು ಕರೆದಿರಬೇಕು. ನಾನು ಎದ್ದು ನಿಂತಾಗ ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿತು.

"ಅಮ್ಮಾ, ನೀವು ಒಳ್ಳೇದು ಅಂತ ಯಾವುದನ್ನ ಬಿಡ್ತೀರೋ ಅದನ್ನ ಈ ತಟ್ಟೆ ತುಂಬ ಕೊಡಿ. ಇದನ್ನ ನೋಡಿಯೇ ಅದು ಕಲಿಯೋದು" ಅಂದ ಇಂಜಿನಿಯರ್, ಸೀನುತ್ತಾ.

ಇದನ್ನು ನೋಡಿಯೇ ಕಲಿಯುವುದು ಅಂದ ಮೇಲೆ ನನಗೆ ಗೊತ್ತಿದ್ದದ್ದು ಒಂದೇ ದಾರಿ. ನಮ್ಮದು ಮಳೆಯನ್ನೇ ನಂಬಿದ ಬೆದ್ದಲು ಹೊಲದ ಊರು. ರಾಗಿ ಕುಯ್ದು ಕಣಕ್ಕೆ ಹಾಕಿದ ಮೇಲೆ, ಬಡಿಯುವ ಮುಂಚೆ ಮನೆಯ ಹೆಂಗಸರು ಮೆದೆಯ ಮುಂದೆ ಕೂತು ಬಿತ್ತನೆಗೆ ತೆನೆ ಆರಿಸುತ್ತಾರೆ. ಎಲ್ಲ ತೆನೆಯೂ ತಿನ್ನುವುದಕ್ಕೆ ಒಳ್ಳೆಯದೇ. ಆದರೆ ಬಿತ್ತನೆಗೆ ಒಂದು ಕೈಯಷ್ಟು ಅಗಲ, ಒಂದೇ ಬಣ್ಣ, ಒಂದೇ ತೂಕ, ಬೆರಳು ಮಡಿಸಿದ ಹಾಗೆ ತುಂಬಿಕೊಂಡ ತೆನೆಯನ್ನೇ ಎತ್ತಿಡಬೇಕು. ನನ್ನ ಅತ್ತೆ ನಾನು ಆರಿಸಿದ್ದನ್ನು ತಿರುಗಿಸಿ ನೋಡಿ, ಒಂದು ಚೂರು ಬೇರೆ ಕಂಡರೂ ಮೆದೆಗೆ ಎಸೆಯುತ್ತಿದ್ದರು. ಅದು ಕೆಟ್ಟದ್ದಲ್ಲ, ಆದರೆ ಬಿತ್ತನೆಗೆ ಅಲ್ಲ. ಬಿತ್ತಿದ್ದು ಸೋತರೆ ಬೆಳೆಯೆಲ್ಲ ಸೋತಂತೆ.

ಮಿಷನ್ನಿಗೆ ಕಲಿಸುವುದೂ ಬಿತ್ತುವ ಹಾಗೆಯೇ ಅಂದುಕೊಂಡೆ. ಮಧ್ಯಾಹ್ನವೆಲ್ಲ ಕೂತು ಆರಿಸಿದೆ. ಸಿಪ್ಪೆಯೊಳಗಿನ ತೆಳು ಬೆಳ್ಳಿಪೊರೆ ಅಂಟಿಕೊಂಡು ಸ್ವಲ್ಪ ತಿಳಿಯಾಗಿ ಕಂಡ ಕಾಳು, ಮಗ್ಗುಲಲ್ಲಿ ಕೊಂಚ ಚಪ್ಪಟೆಯಾದದ್ದು, ನೀಲಿ ಹಸಿರಿನ ಬದಲು ಕಂದು ಬಣ್ಣಕ್ಕೆ ತಿರುಗಿದ್ದು, ಇವನ್ನೆಲ್ಲ ದಿನಾ ನಾವು ಒಳ್ಳೆಯದೆಂದೇ ಮುಂದಕ್ಕೆ ಬಿಡುತ್ತಿದ್ದೆವು. ಅವತ್ತು ಬಿಡಲಿಲ್ಲ. ಅಕ್ಕ ಬಗ್ಗಿ ನೋಡಿದಳು.

"ಅಬ್ಬಾ, ಬಿತ್ತನೆಗೆ ಎತ್ತಿಟ್ಟಂಗವೆ ಕಣಮ್ಮಿ! ಒಂದೇ ತಾಯಿ ಮಕ್ಳು."

ಅಷ್ಟು ಚೆನ್ನಾಗಿ ಆರಿಸಿದರೆ ಮಿಷನ್ ಚೆನ್ನಾಗಿ ನಡೆದುಬಿಡುತ್ತದಲ್ಲ, ಆಮೇಲೆ ನಮ್ಮ ಗತಿ ಏನು ಎಂದು ನನಗೆ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆದಿತ್ತು. ಹಾಗೆಂದು ಆರಿಸುವ ಕೆಲಸವನ್ನು ಕೆಡಿಸಿ ಮಾಡುವುದು ಹೇಗೆ ಎಂದು ಕೈಗೆ ಗೊತ್ತಿರಲಿಲ್ಲ.

ಮರುದಿನ ಟ್ರಯಲ್. ಸಾಹುಕಾರರ ಕಡೆಯವರೂ ಬಂದು ನಿಂತಿದ್ದರು. ಮಿಷನ್ ಶುರುವಾದದ್ದೇ ತಡ, ಗಾಳಿ ಊದುವ ಶಬ್ದ ಹುರಿಯುವ ಕಡಲೆ ಸಿಡಿದ ಹಾಗೆ ಎಡೆಬಿಡದೆ ಹೊಡೆಯತೊಡಗಿತು. ಕೆಟ್ಟದ್ದು ಬೀಳುವ ಪೆಟ್ಟಿಗೆ ತುಂಬಿ ಹೊರಗೆ ಚೆಲ್ಲಿತು. ಒಳ್ಳೆಯದರ ಬಾಯಲ್ಲಿ ಬಂದದ್ದು ಒಂದೊಂದೇ ಕಾಳು, ಜಿಪುಣನ ಮನೆಯ ಭಿಕ್ಷೆಯ ಹಾಗೆ. ಮ್ಯಾನೇಜರು ಪೆಟ್ಟಿಗೆಗೆ ಕೈ ಹಾಕಿ ಎತ್ತಿದರು. ಎಲ್ಲ ಒಳ್ಳೆಯ ಕಾಫಿ. ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಸಾಲಿಗೆ ಸಾಲೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿತು.

"ಸೊಸೆಮುದ್ದು ತುಂಬಾ ಮಡಿ ಕಣ್ರಮ್ಮಿ, ಯಾವ್ದುನ್ನೂ ಮುಟ್ಟಾಕಿಲ್ಲ!" ಅಂದಳು ಅಕ್ಕ.

ಆ ನಗು ಗಾಜಿನ ಕೋಣೆಗೂ ಕೇಳಿಸಿತು. ಮ್ಯಾನೇಜರು ತಿರುಗಿ ನೋಡಿದ್ದು ಅಕ್ಕನನ್ನಲ್ಲ, ನನ್ನನ್ನು.

ಒಳಗೆ ಕರೆದರು. ಬಾಗಿಲು ಹಾಕಿದ ಮೇಲೆ ಹಾಲಿನ ಸದ್ದೆಲ್ಲ ನಿಂತುಹೋಯಿತು. ಮೀನಿನ ತೊಟ್ಟಿಯೊಳಗೆ ನಿಂತ ಹಾಗಿತ್ತು. ಆಚೆ ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಯಾರ್ ಹೇಳ್ಕೊಟ್ರು ನಿಂಗೆ?"

ನಾನು ನೆಲ ನೋಡಿದೆ.

"ಮಿಷನ್ ಕೆಡಿಸ್ಬೇಕು ಅಂತ ಯಾರ್ ಹೇಳ್ಕೊಟ್ರು ಅಂತ ಕೇಳ್ತಾ ಇದ್ದೀನಿ. ಅವಳೇ ತಾನೆ, ಆ ಬಾಯಿ ಬಡುಕಿ?"

ನಾನು ತಲೆ ಆಡಿಸಿದೆ. ಅದು ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ. ಅಲ್ಲ ಅನ್ನುವ ಒಂದು ಮಾತು ಹೊರಡದಿದ್ದರೆ ಅಕ್ಕನ ಕೆಲಸ ಈಗಲೇ ಹೋಗುತ್ತದೆ, ನನ್ನದೂ ಹೋಗುತ್ತದೆ, ನಿಮ್ಮ ಅಮ್ಮನ ಪರೀಕ್ಷೆ ಇನ್ನೂ ಮುಂದಿದೆ. ಎಲ್ಲ ಗೊತ್ತಿದ್ದೂ ನಿಂತೇ ಇದ್ದೆ.

ಇಂಜಿನಿಯರ್ ಅಷ್ಟು ಹೊತ್ತೂ ಕಂಪ್ಯೂಟರ್ ಪರದೆ ನೋಡುತ್ತಿದ್ದ. ಅವನಿಗೂ ಹೆದರಿಕೆಯಾಗಿತ್ತೆಂದು ಕಾಣುತ್ತದೆ. ಮಿಷನ್ ವಾಪಸ್ ಹೋದರೆ ಅವನೂ ಯಾರದೋ ಮುಂದೆ ಹೀಗೆಯೇ ನಿಲ್ಲಬೇಕಿತ್ತು.

"ಸಾರ್, ಸ್ವಲ್ಪ ಇಲ್ಲಿ ನೋಡಿ" ಅಂದ.

ಅವನು ಮ್ಯಾನೇಜರಿಗೆ ವಿವರಿಸಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದೆ. ಕ್ಯಾಮೆರಾ ಒಂದೊಂದು ಕಾಳನ್ನೂ ಸಾವಿರಾರು ಚುಕ್ಕಿಯಾಗಿ ಒಡೆಯುತ್ತದೆ. ಒಂದೊಂದು ಚುಕ್ಕಿಗೂ ಒಂದು ಅಂಕಿ. ಕಪ್ಪಿಗೆ ಕಡಿಮೆ, ಬಿಳುಪಿಗೆ ಹೆಚ್ಚು. ಅದನ್ನೆಲ್ಲ ಕೂಡಿ ಭಾಗಿಸಿದರೆ ಆ ಕಾಳಿನ ಅಂಕಿ ಬರುತ್ತದೆ. ತಟ್ಟೆಯ ಎಲ್ಲ ಕಾಳಿನ ಅಂಕಿಯನ್ನೂ ಕೂಡಿ ಭಾಗಿಸಿದರೆ ತಟ್ಟೆಯ ಸರಾಸರಿ. ಇಷ್ಟು ನನಗೂ ತಿಳಿಯಿತು, ಊರಿನ ಮೇಷ್ಟರು ಸರಾಸರಿ ಕಲಿಸಿದ್ದರು. ಆಮೇಲೆ ಒಂದೊಂದು ಕಾಳೂ ಆ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ನೋಡುತ್ತದೆ. ಕೆಲವು ಮೇಲೆ, ಕೆಲವು ಕೆಳಗೆ. ಹಾಗೇ ಕೂಡಿದರೆ ಮೇಲಿನದೂ ಕೆಳಗಿನದೂ ಒಂದನ್ನೊಂದು ತಿಂದು ಸೊನ್ನೆಯಾಗುತ್ತದೆ. ಅದಕ್ಕೆ ಒಂದೊಂದು ದೂರವನ್ನೂ ಅದರಿಂದಲೇ ಗುಣಿಸುತ್ತದೆ, ಆಗ ಋಣ ಚಿಹ್ನೆ ಹೋಗುತ್ತದೆ. ಮತ್ತೆ ಸರಾಸರಿ, ಅದಕ್ಕೆ ವರ್ಗಮೂಲ.

ವರ್ಗಮೂಲ ಅನ್ನುವ ಮಾತು ಕೇಳಿ ನನಗೆ ಮತ್ತಷ್ಟು ಬೆವರು ಬಂತು. ಶಾಲೆಯಲ್ಲಿ ಅದನ್ನು ಬಿಡಿಸಲಾರದೆ ಬೋರ್ಡಿನ ಮುಂದೆ ಇಡೀ ಪಿರಿಯಡ್ ನಿಂತವಳು ನಾನು. ಅದು ಇಷ್ಟು ವರ್ಷ ಬಿಟ್ಟು ಹುಣಸೂರಿನ ಗಾಜಿನ ಕೋಣೆಗೆ ನನ್ನನ್ನು ಹುಡುಕಿಕೊಂಡು ಬಂದಿತ್ತು.

"ಈ ವರ್ಗಮೂಲದ ಮೂರರಷ್ಟು ಮೇಲೆ ಒಂದು ಬೇಲಿ, ಮೂರರಷ್ಟು ಕೆಳಗೆ ಒಂದು ಬೇಲಿ. ಬೇಲಿ ದಾಟಿದ ಕಾಳನ್ನ ಮಿಷನ್ ಊದುತ್ತೆ. ಈ ತಟ್ಟೇಲಿ ವರ್ಗಮೂಲ ಎಷ್ಟು ಸಣ್ಣ ಬಂದಿದೆ ನೋಡಿ ಸಾರ್. ಎರಡು ಬೇಲಿ ಮಧ್ಯ ಕಾಲಿಡೋಕೆ ಜಾಗ ಇಲ್ಲ. ಮಿಷನ್ ತಪ್ಪಿಲ್ಲ." ಅವನು ನನ್ನ ಕಡೆ ತಿರುಗಿ, "ಅಮ್ಮಾ, ಇಷ್ಟು ಒಂದೇ ಥರದ ಕಾಳು ನಿಮಗೆ ಎಲ್ಲಿ ಸಿಕ್ತು?" ಅಂದ.

ಅವನು ಬಯ್ಯಲಿಲ್ಲ, ಕೇಳಿದ. ಅದಕ್ಕೇ ಇರಬೇಕು, ಬಾಯಿ ಬಂತು.

"ಬಿತ್ತನೆಗೆ ಆರ್ಸಿದಂಗೆ ಆರ್ಸಿದೆ ಸಾ. ಯಾರೂ ಏಳ್ಕೊಡ್ಲಿಲ್ಲ."

"ಬಿತ್ತನೆಗೆ ಆರ್ಸೋದೇನು?" ಅಂದರು ಮ್ಯಾನೇಜರು. ಅವರು ಕೆ.ಆರ್. ನಗರದ ಕಡೆ ನಾಲೆ ಬಯಲಿನವರು. ಅವರ ಮನೆಯಲ್ಲಿ ಭತ್ತದ ಬಿತ್ತನೆ ಸೊಸೈಟಿಯಿಂದ ಹೊಲಿದ ಚೀಲದಲ್ಲಿ ಬರುತ್ತಿತ್ತಂತೆ. ಹೆಂಗಸರು ಮೆದೆಯ ಮುಂದೆ ಕೂತು ತೆನೆ ಆರಿಸುವುದನ್ನು ಅವರು ಕಂಡೇ ಇರಲಿಲ್ಲ. ನನ್ನ ಮಾತು ಅವರಿಗೆ ಕಟ್ಟುಕಥೆಯ ಹಾಗೆ ಕೇಳಿಸಿತು. "ನಾಳೆ ಬೆಳಿಗ್ಗೆ ಇನ್ನೊಂದ್ ತಟ್ಟೆ ಕೊಡು. ದಿನಾ ಏನ್ ಬಿಡ್ತೀಯೋ ಅದು. ಅದೂ ಹಿಂಗೇ ಆದ್ರೆ ನಾಡಿದ್ದಿಂದ ನೀನು ಬರೋದು ಬೇಡ, ಅವಳೂ ಬರೋದು ಬೇಡ."

ಸಂಜೆ ಅಕ್ಕ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ಇನ್ನೊಂದ್ಸಲ ಅಂಗೇ ಆರ್ಸು" ಅಂದಳು.

"ಅಕ್ಕಾ!"

"ಏನ್ ಅಕ್ಕ? ನಿಂದೂ ನಂದೂ ಓಯ್ತದೆ, ಓಗ್ಲಿ. ಮಿಷನ್ ವಾಪಸ್ ಓದ್ರೆ ಅಷ್ಟು ಜನದ್ದು ಉಳೀತದಲ್ಲ. ಸರ್ಯಾಗ್ ಆರ್ಸುಬುಟ್ರೆ ಎಲ್ಲಾರ್ದೂ ಓಯ್ತದೆ. ಲೆಕ್ಕ ಹಾಕು, ಪೆಟ್ಟಿಗೆ ಮುಂದೆ ನಿಂತು ಲೆಕ್ಕ ಕಲ್ತ್‌ಕೊಂಡ್ ಬಂದಿದ್ದೀಯಲ್ಲ."

"ನನ್ ಮಗ್ಳು..."

"ನಿನ್ ಮಗ್ಳು ನಮ್ ಮನೇಲಿ ಇರ್ಲಿ, ನೀನೂ ಇರು. ಒಗೆಸೊಪ್ಪು ಪೋಣಿಸ್ಕೊಂಡು ಗಂಜಿ ಕುಡಿಯಾಣ." ಬಸ್ ಬಂತು. ಮೆಟ್ಟಿಲು ಹತ್ತಿದವಳು ತಿರುಗಿ, "ಎದುರ್ಕೋಬ್ಯಾಡ" ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿದಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು. ಅವಳು ಹಾಗೆ ಯಾವತ್ತೂ ಹೇಳಿದವಳಲ್ಲ.

ಮನೆಯಲ್ಲಿ ನಿಮ್ಮ ಅಮ್ಮ ಒಲೆಯ ಪಕ್ಕ ಕೂತು ಓದುತ್ತಿದ್ದಳು. ಅವಳಿಗೆ ಸಂಖ್ಯಾಶಾಸ್ತ್ರ ಒಂದು ಸಬ್ಜೆಕ್ಟು. ಬೇಲಿ, ವರ್ಗಮೂಲ ಎಂದು ನಾನು ತಡವರಿಸಿ ಹೇಳಿದ್ದೇ ತಡ, ಅವಳು ಮುಖ ಎತ್ತಿ, "ಅಮ್ಮ, ಅದು ನಮ್ಮ ಪಾಠದಲ್ಲೇ ಇದೆ!" ಎಂದು ಸಂತೋಷಪಟ್ಟಳು. ಕೆಲಸ ಹೋಗುವ ಮಾತನ್ನು ನಾನು ಹೇಳಿರಲಿಲ್ಲ. ಬಟಾಣಿ ಬಿಡಿಸುತ್ತಿದ್ದೆ, ಅದನ್ನೇ ನೆಲದ ಮೇಲೆ ಸಾಲಾಗಿ ಇಟ್ಟು ದೂರ ತೋರಿಸಿದಳು.

"ಮಿಷನ್ನಿಗೆ ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅಂತ ಗೊತ್ತಿಲ್ಲಮ್ಮ. ನೀನು ಕೊಟ್ಟದ್ದಕ್ಕಿಂತ ಎಷ್ಟು ದೂರ ಅನ್ನೋದು ಮಾತ್ರ ಗೊತ್ತು. ನೀನು ಹಾಕಿದ್ದೇ ಒಳ್ಳೇದು ಅನ್ಕೊಳ್ಳುತ್ತೆ."

ನನ್ನನ್ನು ಸಮಾಧಾನ ಮಾಡಲು ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ನಾನು ಹಾಕಿದ್ದೇ ಒಳ್ಳೆಯದು. ಭಾವನ ಮುಂದೆ ಹೂಂ ಊಹೂಂ ಅನ್ನಲಾರದವಳ ಒಂದು ತಟ್ಟೆಯ ಮೇಲೆ ಅಷ್ಟು ಹೆಂಗಸರ ಅನ್ನ ನಿಂತಿತ್ತು. ಕೆಡಿಸಿದರೂ ನನ್ನ ಕೈ, ಸರಿಯಾಗಿ ಮಾಡಿದರೂ ನನ್ನದೇ ಕೈ.

ಬೆಳಿಗ್ಗೆ ಇಂಜಿನಿಯರ್ ತಟ್ಟೆ ಕೈಗೆ ಕೊಟ್ಟಾಗ ನಾನು ತೆಗೆದುಕೊಳ್ಳಲಿಲ್ಲ. ನೆಲ ನೋಡಿಕೊಂಡು ಹೇಳಿದೆ: "ನಾನೊಬ್ಳೇ ತುಂಬಾಕಿಲ್ಲ ಸಾ. ಎಲ್ಲಾರೂ ಒಂದೊಂದ್ ಇಡಿ ಹಾಕ್ಲಿ, ನಾನ್ ತಟ್ಟೆ ಇಡ್ಕೋತೀನಿ."

"ಇದೇನ್ ಮದುವೆ ಮನೇಲಿ ಅಕ್ಷತೆ ಹಾಕ್ದಂಗಾ?" ಅಂದರು ಮ್ಯಾನೇಜರು.

ಇಂಜಿನಿಯರ್ ಮೂಗು ಒರೆಸಿಕೊಂಡು, "ಹಾಕಲಿ ಸಾರ್. ಬೇರೆ ಬೇರೆ ಕೈ ಆದರೆ ನಮಗೇ ವಾಸಿ" ಅಂದ. ಅದು ವಾಸಿಯೋ ಅಲ್ಲವೋ ನಾನು ಯೋಚಿಸಿರಲಿಲ್ಲ. ಒಬ್ಬಳೇ ಹೊರಲಾರೆ ಎಂಬ ಅಂಜಿಕೆಯಿಂದ ಆಡಿದ ಮಾತು ಅದು.

ತಟ್ಟೆ ಹಿಡಿದು ಸಾಲಿನ ತಲೆಯಿಂದ ಹೊರಟೆ. ಕೆಲವರು ಮುಖ ನೋಡದೆ ಹಾಕಿದರು. ಹಂಪಾಪುರದ ಕಡೆಯ ಒಬ್ಬಳು, "ನಮ್ ತಿಥಿಗೆ ನಮ್ ಕೈಲೇ ಎಳ್ಳು ಬುಡುಸ್ತಾವ್ಳೆ ನೋಡ್ರಮ್ಮಿ" ಅಂದಳು. ಇನ್ನೊಬ್ಬಳು ಹಿಡಿ ತುಂಬಿಕೊಂಡು ಬಹಳ ಹೊತ್ತು ಬಿಚ್ಚಲೇ ಇಲ್ಲ. ಆದರೂ ಬಿದ್ದದ್ದೆಲ್ಲ ಸರಿಯಾದ ಕಾಳೇ. ತಿಳಿಯದು, ಕಂದು ಬಣ್ಣದ್ದು, ಪೊರೆ ಇದ್ದದ್ದು, ದಿನಾ ಬಿಡುವಂಥದ್ದು.

ಅಕ್ಕನ ಮುಂದೆ ನಿಂತೆ. ಅವಳು ನನ್ನನ್ನೇ ನೋಡುತ್ತಾ ಮೊರದ ಮೂಲೆಯಲ್ಲಿ ತೆಗೆದಿಟ್ಟಿದ್ದ ಕೆಟ್ಟ ಕಾಳಿನ ಗುಡ್ಡೆಗೆ ಕೈ ಹಾಕಿದಳು, ಆಮೇಲೆ ಒಳ್ಳೆಯದಕ್ಕೆ ಹಾಕಿದಳು, ಎರಡನ್ನೂ ಸೇರಿಸಿ ತಟ್ಟೆಗೆ ಬಿಟ್ಟಳು. ಹಸಿರು ಕಾಳಿನ ಮೇಲೆ ಕರಿಕಾಳು ಇಲಿಯ ಹಿಕ್ಕೆಯ ಹಾಗೆ ಬಿದ್ದವು.

"ಒಂದ್ ಇಡಿ ಅಂದ್ಯಲ್ಲ. ಹಾಕಿದ್ದೀನಿ. ನಡಿ ಮುಂದ್ಕೆ."

ನಾನು ನಡೆಯಲಿಲ್ಲ. ಗಾಜಿನಾಚೆ ಮ್ಯಾನೇಜರು ನಮ್ಮ ಕಡೆಗೇ ನೋಡುತ್ತಿದ್ದರು. ನಾನೇ ತೆಗೆದರೆ ಅಕ್ಕನನ್ನು ತೋರಿಸಿಕೊಟ್ಟ ಹಾಗೆ. ಹಾಗೇ ಒಯ್ದರೆ ಕರಿಕಾಳು ಕೂಡ ಒಳ್ಳೆಯದೆಂದು ಮಿಷನ್ ಕಲಿಯುತ್ತದೆ, ನಾಳೆ ಇಬ್ಬರೂ ಬೀದಿಗೆ.

"ಅಕ್ಕ, ಇದು ನೀನ್ ಬುಡೋ ಕಾಳಾ?" ಅಂದೆ.

"ಏನಂದೆ?"

"ನಿನ್ ಮೊರದಿಂದ ಇದ್ನ ಬುಡ್ತೀಯಾ ಅಂತ ಕೇಳ್ದೆ."

ಪಕ್ಕದವರು ಕೈ ನಿಲ್ಲಿಸಿದರು. ಅಕ್ಕನ ಮುಖ ಕೆಂಪಾಯಿತು. ತಟ್ಟೆಯನ್ನು ನೋಡಿದಳು, ಸಾಲಿನ ಹೆಂಗಸರನ್ನು ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ತಟ್ಟೆಯನ್ನು ಕೆಳಕ್ಕೆ ಎಳೆದು, ಒಂದೊಂದೇ ಕರಿಕಾಳನ್ನು ಹೆಕ್ಕತೊಡಗಿದಳು. ಹೆಕ್ಕುತ್ತಾ ಬಯ್ದಳು. "ಮೂದೇವಿ. ಬಾಯಿ ಇಲ್ದೋಳು ಅಂದ್ಕೊಂಡಿದ್ನಲ್ಲ ನಿನ್ನ. ನನ್ ಕೈಯಾರ ಕರೀಕಾಳು ಬುಟ್ಟೆ ಅನ್ನೋ ಮಾತು ನಂಗ್ಯಾಕೆ? ತಗೊಂಡೋಗು. ನಿನ್ ಸೊಸೆಗೆ ತಿನ್ಸು." ಕೊನೆಯ ಕಾಳು ತೆಗೆಯುವವರೆಗೂ ನನ್ನ ಕೈ ಬಿಡಲಿಲ್ಲ. ಅವಳ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಮಿಷನ್ ನಡೆಯಿತು. ಊದುವ ಶಬ್ದ ಈಗ ಎಡೆಬಿಡದೆ ಬರಲಿಲ್ಲ. ಟಪ್, ಸ್ವಲ್ಪ ತಡೆದು ಟಪ್ ಟಪ್, ಅಷ್ಟೇ. ಪೆಟ್ಟಿಗೆಗೆ ಬಿದ್ದದ್ದು ಕರಿಯದು, ಬಿಳಚಿದ್ದು. ಒಳ್ಳೆಯದರ ಬಾಯಿ ಧಾರೆಯಾಗಿ ಸುರಿಯಿತು. ನಾವು ಹಾಲಿನಲ್ಲಿ ಆ ಶಬ್ದ ಕೇಳುತ್ತಾ ಕೂತಿದ್ದೆವು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಎಲ್ಲರ ಕಿವಿಯೂ ಅಲ್ಲೇ ಇತ್ತು. ಊಟದ ಗಂಟೆಯಾದರೂ ನಿಲ್ಲಲಿಲ್ಲ. ಅವತ್ತು ಯಾರೂ ಬುತ್ತಿ ಹಂಚಿಕೊಂಡು ತಿನ್ನಲಿಲ್ಲ.

ಆ ಹಂಗಾಮು ಮುಗಿಯುವ ಹೊತ್ತಿಗೆ ಒಂದು ಸಾಲು ಖಾಲಿಯಾಯಿತು. ವಯಸ್ಸಾದವರನ್ನು, ದೂರದಿಂದ ಬಸ್ಸಿಗೆ ಬರುವವರನ್ನು ಮೊದಲು ಬಿಡಿಸಿದರು. ಅಕ್ಕ ಎರಡೂ ಆಗಿದ್ದಳು. ಬೇಲಿಯ ಅಂಚಿನಲ್ಲಿ ಬೀಳುವ ಕಾಳನ್ನು ಮತ್ತೊಮ್ಮೆ ಕೈಯಲ್ಲಿ ನೋಡಬೇಕು, ಹೊಸ ಮಾಲು ಬಂದಾಗ ಹೊಸ ತಟ್ಟೆ ಕೊಡಬೇಕು ಎಂದು ನನ್ನನ್ನು ಗಾಜಿನ ಕೋಣೆಗೆ ಹಾಕಿದರು. ಭಾವ ಸಂತೆಯ ದಿನ ಬಂದು, "ಕೆಲ್ಸ ಅದಾ?" ಅಂದರು. "ಅದೆ" ಅಂದೆ. ಅವರು ಒಳಗೆ ಇಣುಕಿ ನಿಮ್ಮ ಅಮ್ಮನ ಪುಸ್ತಕಗಳನ್ನು ನೋಡಿ ಹೊರಟುಹೋದರು. ನಿಮ್ಮ ಅಮ್ಮ ಪರೀಕ್ಷೆ ಬರೆದಳು, ಆಮೇಲೆ ಮುಂದಕ್ಕೆ ಓದಿದಳು. ಅದು ನಿಮಗೆ ಗೊತ್ತಿರುವ ಕತೆ.

ನಿಮಗೆ ಗೊತ್ತಿಲ್ಲದ್ದು ನನ್ನ ಹೆದರಿಕೆ. ಅದು ಕಡಿಮೆಯಾಗಲಿಲ್ಲ, ಬೇರೆಯಾಯಿತು. ಮುಂದಿನ ವರ್ಷ ಹೊಸ ಕಾಫಿ ಬಂದಾಗ ಬಣ್ಣ ಹಿಂದಿನದರ ಹಾಗಿರಲಿಲ್ಲ. ಹಾಲಿನಲ್ಲಿ ಉಳಿದವರು ಕೆಲವರೇ, ಅವರೂ ನನ್ನ ತಟ್ಟೆಗೆ ಹಿಡಿ ಹಾಕಲು ಒಪ್ಪಲಿಲ್ಲ. "ನಿನ್ ಮಿಷನ್ನು, ನಿನ್ ಕಾಳು" ಅಂದರು. ನಾನು ಒಬ್ಬಳೇ ತುಂಬಿದೆ. ತುಂಬಿ ನೋಡಿದರೆ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಮತ್ತೆ ಬಿತ್ತನೆಯ ಹಾಗೆ ಆರಿಸಿಬಿಟ್ಟೆನೋ ಏನೋ. ಒಂದೊಂದು ಕಾಳೂ ಒಳ್ಳೆಯದರ ಹಾಗೂ ಕಂಡಿತು, ಕೆಟ್ಟದ್ದರ ಹಾಗೂ ಕಂಡಿತು.

ಇಂಜಿನಿಯರ್ ಬರಲು ಇನ್ನೂ ಸಮಯವಿತ್ತು. ಭಾನುವಾರ ಒಂದಿಷ್ಟು ಕಾಳನ್ನು ಮ್ಯಾನೇಜರಿಗೆ ಹೇಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಕಂಪಲಾಪುರದ ಬಸ್ಸು ಹತ್ತಿದೆ. ಅಕ್ಕ ಮನೆಯ ಮುಂದಿನ ಚಪ್ಪರದಲ್ಲಿ ಕೂತು, ಕಾವಿನಲ್ಲಿ ಹದವಾಗಿ ಒಣಗಿಸಿ ಇಳಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ನಿಂಬೆ ಬಣ್ಣದ್ದು ಒಂದು ಕಡೆ, ಕಂದು ಬಣ್ಣದ್ದು ಒಂದು ಕಡೆ. ನನ್ನನ್ನು ನೋಡಿಯೂ ಎಲೆ ಎಸೆಯುವುದನ್ನು ನಿಲ್ಲಿಸಲಿಲ್ಲ. ಗಂಟು ಬಿಚ್ಚಿ, ನನಗೆ ತೋಚಿದ ಹಾಗೆ ಒಳ್ಳೆಯದು ಕೆಟ್ಟದ್ದು ಎಂದು ಎರಡು ಪಾಲು ಮಾಡಿ ಅವಳ ಮುಂದೆ ಹರಡಿದೆ.

"ಏನಿದು, ಪ್ರಸಾದವಾ?"

"ನೋಡಕ್ಕ ಒಂಚೂರು. ನಂಗೆ ದಿಕ್ಕೇ ತೋಚ್ತಿಲ್ಲ."

"ನಿನ್ ಸೊಸೆಗೆ ಎಲ್ಡು ಕಣ್ ಅವಲ್ಲ, ಅದ್ನೇ ಕೇಳು."

ನಾನು ಏಳಲಿಲ್ಲ. ಎದ್ದು ಹೋಗು ಅಂದರೆ ಹೋಗುವುದಕ್ಕೂ ತಯಾರಿದ್ದೆ. ಮುಂದಿದ್ದ ಸೊಪ್ಪನ್ನೆಲ್ಲ ಬೇರೆ ಮಾಡಿದ ಮೇಲೆ ಅವಳು ಕೈ ನೋಡಿಕೊಂಡಳು. ಹೊಗೆಸೊಪ್ಪಿನ ಅಂಟಿಗೆ ಬೆರಳು ಕಪ್ಪಾಗಿತ್ತು. ಕಾಫಿ ಬೇರೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಆ ಕೈಯಲ್ಲಿ ಮುಟ್ಟಬಾರದು ಎಂದು ಅವಳಿಗೆ ಇನ್ನೂ ನೆನಪಿತ್ತು. ಪಕ್ಕದಲ್ಲಿದ್ದ ಒಂದು ಪೊರಕೆ ಕಡ್ಡಿ ಮುರಿದುಕೊಂಡು ಅದರ ತುದಿಯಿಂದ ಕಾಳನ್ನು ಸರಿಸಿದಳು.

"ಇದ್ಯಾಕೆ ಆಚೆ ಇಟ್ಟೆ? ಇದು ಇರ್ಲಿ. ಇದೂ ಇರ್ಲಿ. ಪೊರೆ ಇದ್ರೇನು, ಹುರ್ದ್ರೆ ಓಯ್ತದೆ. ಇದ್ನ ತೆಗಿ, ಒಳ್ಗೆ ಹುಳ ಅದೆ, ಕುರುಡಿ. ಕೂಲಿ ಕೊಡ್ತಾನಾ ನಂಗೆ ನಿನ್ ಮ್ಯಾನೇಜ್ರು?"

ಅವಳು ತೋರಿಸಿದ್ದನ್ನು ನಾನು ಬೇರೆ ಬೇರೆ ಗಂಟು ಕಟ್ಟಿಕೊಂಡೆ. ಒಳಗೆ ಬಾ ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಬಸ್ಸಿನ ಹಾರನ್ ಕೇಳಿದಾಗ ಕಡ್ಡಿ ಎಸೆದು ಮತ್ತೆ ಎಲೆಗಳ ಕಡೆ ತಿರುಗಿದಳು. ಹಳ್ಳದ ರಸ್ತೆಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಗಂಟು ಸಡಿಲಿ ಎರಡೂ ಬೆರೆತುಹೋದಾವೆಂದು, ಹುಣಸೂರು ಬರುವವರೆಗೂ ಒಂದೊಂದು ಕೈಯಲ್ಲಿ ಒಂದೊಂದನ್ನು ಮಡಿಲಿಗೆ ಒತ್ತಿ ಹಿಡಿದೇ ಕೂತಿದ್ದೆ.